ನದಿಯಿದೆ, ಚಿನ್ನವಿದೆ, ಗುಳೆ ಮಾತ್ರ ನಿಂತಿಲ್ಲ

ಹಿಂಗಾರು ಕೈಕೊಟ್ಟ ವರ್ಷ ದೀಪಾವಳಿ ಕಳೆಯುತ್ತಿದ್ದಂತೆಯೇ, ಮಳೆ ಚೆನ್ನಾಗಿ ಆದ ವರ್ಷ ಹತ್ತಿ ಬಿಡಿಸಿ ತೊಗರಿ ರಾಶಿ ಮಾಡಿದ ಮೇಲೆ, ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಗಳಿಗೆ ಬೀಗ ಬೀಳತೊಡಗುತ್ತದೆ. ದೇವದುರ್ಗ, ಲಿಂಗಸುಗೂರು, ಸುರಪುರ, ಶಹಾಪುರದಿಂದ ಸಂಜೆ ಹೊರಡುವ ಬಸ್ಸುಗಳಿಗೆ ಏರುವ ಗಂಟುಗಳಲ್ಲಿ ಜೋಳದ ಹಿಟ್ಟು, ರೊಟ್ಟಿ ಹಂಚು, ಖಾರದ ಪುಡಿ, ಕೌದಿ, ಪ್ಲಾಸ್ಟಿಕ್ ಕೊಡ ಎಲ್ಲವೂ ಇರುತ್ತವೆ. ಪರಊರಿನ ತಗಡಿನ ಶೆಡ್ಡಿನಲ್ಲಿ ನಾಲ್ಕೈದು ತಿಂಗಳ ಸಂಸಾರ ಹೂಡಲು ಬೇಕಾದ ಸಾಮಾನು ಅದು. ಮೇಸ್ತ್ರಿ ಕೊಟ್ಟ ಮುಂಗಡ ಅಷ್ಟು ಹೊತ್ತಿಗಾಗಲೇ ಹಳೆಯ ಸಾಲಕ್ಕೋ ಮದುವೆಗೋ ಆಸ್ಪತ್ರೆಗೋ ಸಂದಿರುತ್ತದೆ. ಬೀಗ ಬೀಳದ ಮನೆಗಳಲ್ಲಿ ಉಳಿಯುವವರು ಮುದುಕರು, ಅವರ ಜತೆ ಕೆಲವು ಮೊಮ್ಮಕ್ಕಳು.

ಗುಳೆಯನ್ನು ಬರದ ಜತೆಗೇ ಜೋಡಿಸಿ ನೋಡುವುದು ನಮ್ಮಲ್ಲಿ ರೂಢಿ. ಈ ಸೀಮೆಯನ್ನು ನೋಡಿದರೆ ಆ ಲೆಕ್ಕ ಪೂರ್ತಿ ಕೂಡುವುದಿಲ್ಲ. ಕೃಷ್ಣೆಯೂ ತುಂಗಭದ್ರೆಯೂ ರಾಯಚೂರು ಜಿಲ್ಲೆಯ ಎರಡು ಅಂಚುಗಳಲ್ಲಿ ಹರಿಯುತ್ತವೆ. ದೇಶದಲ್ಲಿ ಇಂದಿಗೂ ಗಮನಾರ್ಹ ಪ್ರಮಾಣದಲ್ಲಿ ಚಿನ್ನ ತೆಗೆಯುವ ಗಣಿ ಇರುವುದು ಅದೇ ಜಿಲ್ಲೆಯ ಹಟ್ಟಿಯಲ್ಲಿ. 1985ರಿಂದ ಶಕ್ತಿನಗರದ ಶಾಖೋತ್ಪನ್ನ ಸ್ಥಾವರ ಇಡೀ ರಾಜ್ಯಕ್ಕೆ ವಿದ್ಯುತ್ ಕೊಡುತ್ತಿದೆ. ಬಳ್ಳಾರಿಯ ಕಬ್ಬಿಣದ ಅದಿರು ಚೀನಾದವರೆಗೆ ಹೋಗಿದೆ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿದೆ, ಸೇಡಂ-ವಾಡಿ ಸುತ್ತಲಿನ ಸುಣ್ಣಕಲ್ಲು ಸಿಮೆಂಟ್ ಆಗಿ ದಕ್ಷಿಣ ಭಾರತದ ನಗರಗಳನ್ನು ಕಟ್ಟಿದೆ. ಇಷ್ಟೆಲ್ಲ ಇರುವ ನೆಲದ ಜನ ಆ ನಗರಗಳಿಗೆ ಹೋಗಿ ಅದೇ ಸಿಮೆಂಟನ್ನು ಹೊರಬೇಕಾಗಿ ಬಂದಿರುವುದೇಕೆ ಎಂಬುದು ಅರ್ಧ ಶತಮಾನಕ್ಕೂ ಹಳೆಯದಾದ, ಇನ್ನೂ ಸರಿಯಾದ ಉತ್ತರ ಸಿಗದ ಪ್ರಶ್ನೆ.

ಬಡತನದ ಅಳತೆ

ಭಾರತ ಬಡತನವನ್ನು ಬಹಳ ಕಾಲ ಅಳೆದದ್ದು ಆದಾಯ ಮತ್ತು ಖರ್ಚಿನ ರೇಖೆಯಿಂದ. ಈಚೆಗೆ ಆರೋಗ್ಯ, ಶಿಕ್ಷಣ, ಜೀವನಮಟ್ಟ ಮೂರನ್ನೂ ಸೇರಿಸಿ ಅಳೆಯುವ ಬಹುಆಯಾಮದ ಬಡತನದ ಲೆಕ್ಕ ಬಂದಿದೆ. ಅದರ ಪ್ರಕಾರ 2015-16ರಲ್ಲಿ ದೇಶದ ಶೇ 24.85ರಷ್ಟು ಜನ ಬಡವರು. 2019-21ರ ಹೊತ್ತಿಗೆ ಅದು ಶೇ 14.96ಕ್ಕೆ ಇಳಿದಿತ್ತು. ಕರ್ನಾಟಕದಲ್ಲಿ ಇದೇ ಅವಧಿಯಲ್ಲಿ ಶೇ 12.77ರಿಂದ 7.58ಕ್ಕೆ ಇಳಿಯಿತು. ಸಾಧನೆ ಸಣ್ಣದೇನಲ್ಲ. ಆದರೆ ರಾಜ್ಯದ ಸರಾಸರಿ ಹನ್ನೆರಡು-ಹದಿಮೂರರ ಆಸುಪಾಸಿನಲ್ಲಿದ್ದ ಮೊದಲ ಲೆಕ್ಕದಲ್ಲಿ ಯಾದಗಿರಿ ಜಿಲ್ಲೆಯ ಪ್ರಮಾಣ ನೂರಕ್ಕೆ 40ನ್ನು ದಾಟಿತ್ತು. ಸರಾಸರಿಯೊಂದನ್ನೇ ನೋಡಿ ತೃಪ್ತಿಪಟ್ಟರೆ ಆ ಜಿಲ್ಲೆ ನಮ್ಮ ಕಣ್ಣಿಗೇ ಬೀಳುವುದಿಲ್ಲ.

2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 52ರ ಒಳಗಿತ್ತು, ಹೆಣ್ಣುಮಕ್ಕಳದು 41ರ ಸುಮಾರು. ಅದೇ ವರ್ಷ ದಕ್ಷಿಣ ಕನ್ನಡದ್ದು 88 ದಾಟಿತ್ತು. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ ಜಿಲ್ಲೆ ಶೇ 94ರೊಂದಿಗೆ ಮೊದಲ ಸ್ಥಾನದಲ್ಲಿದ್ದರೆ ಯಾದಗಿರಿ ಶೇ 50.59ರೊಂದಿಗೆ ಕೊನೆಯಲ್ಲಿತ್ತು, ಮರುವರ್ಷ ಆ ಕೊನೆಯ ಸ್ಥಾನ ಶೇ 42.43 ಪಡೆದ ಕಲಬುರಗಿಯದಾಯಿತು. ತಲಾ ಆದಾಯದಲ್ಲಿ ಕಲಬುರಗಿ ಜಿಲ್ಲೆಯದು ಬೆಂಗಳೂರು ನಗರ ಜಿಲ್ಲೆಯ ಹೆಚ್ಚುಕಡಿಮೆ ಐದನೇ ಒಂದು ಭಾಗ. ಎಲ್ಲಕ್ಕಿಂತ ಕಳವಳ ಹುಟ್ಟಿಸುವುದು ಮಕ್ಕಳ ಬೆಳವಣಿಗೆ. ಈಚಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆ ಯಾದಗಿರಿಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ರಾಜ್ಯದ ಒಟ್ಟು ಪ್ರಮಾಣ ಆಗ ಶೇ 35ರಷ್ಟಿತ್ತು. ರಸ್ತೆಯನ್ನು ಹತ್ತು ವರ್ಷ ತಡವಾಗಿ ಹಾಕಬಹುದು. ಮಗುವಿಗೆ ಎರಡನೇ ವಯಸ್ಸಿನಲ್ಲಿ ಸಿಗದ ಪೌಷ್ಟಿಕತೆಯನ್ನು ಹನ್ನೆರಡನೇ ವಯಸ್ಸಿನಲ್ಲಿ ತುಂಬಿಕೊಡುವುದು ಬಹಳ ಕಷ್ಟ. 2018ರಲ್ಲಿ ಕೇಂದ್ರ ಸರ್ಕಾರ ದೇಶದ ಅತಿ ಹಿಂದುಳಿದ ಜಿಲ್ಲೆಗಳನ್ನು ಗುರುತಿಸಿ ‘ಮಹತ್ವಾಕಾಂಕ್ಷಿ’ ಎಂದು ಹೆಸರಿಟ್ಟಾಗ ಕರ್ನಾಟಕದಿಂದ ಆ ಪಟ್ಟಿಗೆ ಸೇರಿದವು ಎರಡೇ ಜಿಲ್ಲೆಗಳು: ರಾಯಚೂರು ಮತ್ತು ಯಾದಗಿರಿ.

ಎರಡು ಆಡಳಿತ, ಎರಡು ಆರಂಭ

ಈ ಅಂತರ ನಿನ್ನೆ ಮೊನ್ನೆಯದಲ್ಲ. ಹಳೆಯ ಮೈಸೂರು ಸಂಸ್ಥಾನದಲ್ಲಿ 1902ರಲ್ಲೇ ಶಿವನಸಮುದ್ರದ ವಿದ್ಯುತ್ ಉತ್ಪಾದನೆ ಶುರುವಾಗಿತ್ತು, 1916ರಲ್ಲಿ ವಿಶ್ವವಿದ್ಯಾಲಯ ಬಂದಿತ್ತು, 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತ್ತು. ಅದೇ ಕಾಲದಲ್ಲಿ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ನಿಜಾಮರ ಹೈದರಾಬಾದ್ ಸಂಸ್ಥಾನದ ಅಂಚಿನಲ್ಲಿದ್ದವು. ನೆಲದ ದೊಡ್ಡ ಭಾಗ ಜಹಗೀರುಗಳ ಕೈಯಲ್ಲಿತ್ತು. ಕಚೇರಿಯ ಭಾಷೆ ಉರ್ದು, 1918ರಲ್ಲಿ ಹೈದರಾಬಾದಿನಲ್ಲಿ ತೆರೆದ ವಿಶ್ವವಿದ್ಯಾಲಯದ ಬೋಧನಾ ಭಾಷೆಯೂ ಉರ್ದು. ಕನ್ನಡ ಮಾತಾಡುವ ರೈತನ ಮಗ ಕಂದಾಯದ ಕಾಗದ ಓದಲೂ ಇನ್ನೊಬ್ಬರ ಬಳಿ ಹೋಗಬೇಕಿತ್ತು. ಕಲಬುರಗಿಗೆ ತನ್ನದೇ ವಿಶ್ವವಿದ್ಯಾಲಯ ದಕ್ಕಿದ್ದು 1980ರಲ್ಲಿ. ಮೈಸೂರಿಗಿಂತ 64 ವರ್ಷ ತಡವಾಗಿ.

ದೇಶಕ್ಕೆ ಸ್ವಾತಂತ್ರ್ಯ ಬಂದು ವರ್ಷವೊಂದು ಕಳೆದ ಮೇಲೆ, 1948ರ ಸೆಪ್ಟೆಂಬರಿನಲ್ಲಿ, ಈ ಜಿಲ್ಲೆಗಳು ಭಾರತ ಒಕ್ಕೂಟಕ್ಕೆ ಸೇರಿದವು. 1949ರಲ್ಲಿ ಜಹಗೀರುಗಳು ರದ್ದಾದವು, 1956ರಲ್ಲಿ ಏಕೀಕರಣವಾಯಿತು. 1974ರಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ ಕರಾವಳಿಯ ಗೇಣಿದಾರರ ಬದುಕನ್ನು ಬದಲಿಸಿದ ಮಟ್ಟಿಗೆ ಇಲ್ಲಿ ಬದಲಿಸಲಿಲ್ಲ. ಗೇಣಿ ಎಂಬುದು ಇಲ್ಲಿ ಬಹುತೇಕ ಬಾಯಿಮಾತಿನದು. ಉಳುವವನ ಹೆಸರು ದಾಖಲೆಯಲ್ಲಿ ಇರಲೇ ಇಲ್ಲ. ರಾಯಚೂರು ಜಿಲ್ಲೆಯಲ್ಲಿ ಹತ್ತು ಜನರಲ್ಲಿ ಹೆಚ್ಚುಕಡಿಮೆ ನಾಲ್ವರು ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡದವರು ಎಂಬುದನ್ನು ಇದರ ಜತೆಗಿಟ್ಟು ನೋಡಬೇಕು. ಪ್ರಾದೇಶಿಕ ಅಸಮಾನತೆ ಎಂದು ನಾವು ಕರೆಯುವುದರ ಒಳಗೆ ಜಾತಿಯ ಮತ್ತು ಭೂಮಿಯ ಅಸಮಾನತೆ ಸೇರಿಕೊಂಡಿದೆ. ಬಸ್ಸಿನಲ್ಲಿ ಗಂಟು ಕಟ್ಟಿ ಹೊರಡುವವರು ಯಾರು, ಊರಲ್ಲೇ ಉಳಿದು ಅವರಿಗೆ ಸಾಲ ಕೊಡುವವರು ಯಾರು ಎಂದು ಕೇಳಿದರೆ ಇದು ಸ್ಪಷ್ಟವಾಗುತ್ತದೆ.

ಕಾಲುವೆ ಬಂತು, ನೀರು ಎಲ್ಲಿ ನಿಂತಿತು?

ಅಭಿವೃದ್ಧಿಶೀಲ ದೇಶಗಳು ಸ್ವಾತಂತ್ರ್ಯದ ನಂತರ ಬಡತನಕ್ಕೆ ಕಂಡುಕೊಂಡ ಮೊದಲ ಉತ್ತರ ಅಣೆಕಟ್ಟು. 1945ರಲ್ಲಿ ಕೆಲಸ ಶುರುವಾಗಿ 1953ರಲ್ಲಿ ನೀರು ಬಿಟ್ಟ ತುಂಗಭದ್ರಾ ಜಲಾಶಯ ಆ ನಂಬಿಕೆಯ ಆರಂಭದ ಉದಾಹರಣೆಗಳಲ್ಲೊಂದು. ಅದರ ಎಡದಂಡೆ ಕಾಲುವೆ 227 ಕಿಲೋಮೀಟರ್ ಸಾಗಿ ಈಗಿನ ಕೊಪ್ಪಳ, ರಾಯಚೂರು ಜಿಲ್ಲೆಗಳಿಗೆ ನೀರುಣಿಸಬೇಕಿತ್ತು. ಯೋಜನೆಯ ಮೂಲ ಉದ್ದೇಶ ಕ್ಷಾಮ ತಡೆಯುವುದು. ಇರುವ ನೀರನ್ನು ಹೆಚ್ಚು ಜಮೀನಿಗೆ ತೆಳುವಾಗಿ ಹಂಚಿ ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗಳನ್ನು ಉಳಿಸಬೇಕು, ಭತ್ತಕ್ಕೆ ಸಣ್ಣ ಭಾಗವಷ್ಟೇ ಮೀಸಲು ಎಂದು ಯಾವ ಜಮೀನಿಗೆ ಯಾವ ಬೆಳೆ ಎಂಬುದನ್ನು ಕಾಗದದ ಮೇಲೆ ಗುರುತು ಹಾಕಲಾಯಿತು.

ಆದದ್ದು ಬೇರೆ. ಕಾಲುವೆ ನೀರು ಕಂಡಿರದ ಸ್ಥಳೀಯ ರೈತನಿಗೆ ಜಮೀನು ಸಮತಟ್ಟು ಮಾಡಲು ಬಂಡವಾಳವಿರಲಿಲ್ಲ, ಭತ್ತದ ಅನುಭವವೂ ಇರಲಿಲ್ಲ. ಕರಾವಳಿ ಆಂಧ್ರದಿಂದ ಬಂದ ಕುಟುಂಬಗಳಲ್ಲಿ ಎರಡೂ ಇದ್ದವು. ಅವರು ಕಡಿಮೆ ಬೆಲೆಗೆ ಭೂಮಿ ಕೊಂಡರು, ದುಡಿದು ಗದ್ದೆ ಮಾಡಿದರು. ಗಂಗಾವತಿ, ಕಾರಟಗಿ, ಸಿಂಧನೂರು ಸುತ್ತ ‘ಕ್ಯಾಂಪ್’ ಎಂಬ ಹೆಸರಿನ ಊರುಗಳೇ ಎದ್ದವು. ಅವರ ಶ್ರಮವನ್ನು ಕಡೆಗಣಿಸುವುದು ಅನ್ಯಾಯ. ಆ ಸೀಮೆ ಇಂದು ಭತ್ತದ ಕಣಜವಾಗಿರುವುದು ಅವರಿಂದಲೂ ಹೌದು. ಕಾಲುವೆಯ ಮೇಲ್ಭಾಗದ ಸ್ಥಳೀಯ ರೈತರೂ ಅದೇ ದಾರಿ ಹಿಡಿದರು. ಆದರೆ ಮೇಲ್ಭಾಗದಲ್ಲಿ ಭತ್ತ ನಾಟಿ ಆದಷ್ಟೂ ಕೆಳಭಾಗಕ್ಕೆ ಬರುವ ನೀರು ಕರಗಿತು. ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳ ಕೊನೆ ಭಾಗದ ರೈತರು ಪ್ರತಿ ವರ್ಷ ಎಂಬಂತೆ ರಸ್ತೆಗಿಳಿಯುತ್ತಾರೆ. ಮೈಲ್ 104ರಲ್ಲಿ ಗೇಜ್ ಎಷ್ಟಿದೆ ಎಂಬುದು ಅಲ್ಲಿ ಎಂಜಿನಿಯರ್ ಒಬ್ಬರಿಗೆ ಸಂಬಂಧಿಸಿದ ಮಾಹಿತಿಯಾಗಿ ಉಳಿದಿಲ್ಲ. ಚಹಾ ಅಂಗಡಿಯಲ್ಲಿ ಕೂತವರೂ ಅದನ್ನು ಬಾಯಿಪಾಠ ಹೇಳುತ್ತಾರೆ. ಮೇಲ್ಭಾಗದಲ್ಲಿ ಅತಿ ನೀರಿನಿಂದ ಜಮೀನು ಸವಳು-ಜವಳಾದರೆ ಕೆಳಭಾಗದಲ್ಲಿ ಕಾಲುವೆಯಿದ್ದೂ ಬೆಳೆ ಒಣಗುತ್ತದೆ. ನೀರಾವರಿ ಪ್ರದೇಶ ಎಂದು ದಾಖಲಾದ ಊರಿನಿಂದಲೂ ಜನ ಗುಳೆ ಹೋಗುವುದರ ಹಿಂದಿನ ಕಾರಣ ಇದೇ.

ಈ ನಡುವೆ ಜಲಾಶಯದ ಹೊಟ್ಟೆಯೂ ಕುಗ್ಗಿದೆ. ಆರಂಭದಲ್ಲಿ 133 ಟಿಎಂಸಿ ಇದ್ದ ಸಂಗ್ರಹ ಸಾಮರ್ಥ್ಯ ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ತುಂಬಿದ್ದ ಜಲಾಶಯದಿಂದ ದಿನಗಟ್ಟಲೆ ನೀರು ನದಿಗೆ ಹರಿಯುವುದನ್ನು ರೈತರು ನೋಡುತ್ತ ನಿಲ್ಲಬೇಕಾಯಿತು. ಏಳು ದಶಕ ಹಳೆಯ ಆಸ್ತಿಯ ನಿರ್ವಹಣೆಗೆ ಹೊಸ ಯೋಜನೆಗಳ ಶಂಕುಸ್ಥಾಪನೆಗಿರುವ ಆಕರ್ಷಣೆ ಇಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಕೃಷ್ಣೆಯ ಮೇಲೆ 1964ರಲ್ಲಿ ಶಂಕುಸ್ಥಾಪನೆಯಾದ ಮೇಲ್ದಂಡೆ ಯೋಜನೆಯ ನಾರಾಯಣಪುರ ಜಲಾಶಯ ಸಿದ್ಧವಾಗಿದ್ದು 1982ರಲ್ಲಿ. ಅದರ ಕಾಲುವೆಗಳ ಕತೆಯಲ್ಲೂ ಇದೇ ಮೇಲು-ಕೆಳಗಿನ ಹಂಚಿಕೆ ಮರುಕಳಿಸಿದೆ.

ಸಮಿತಿ, ತಿದ್ದುಪಡಿ, ಅನುದಾನ

ರಾಜ್ಯ ಈ ಸಮಸ್ಯೆಯನ್ನು ಗುರುತಿಸಲೇ ಇಲ್ಲ ಎಂದು ಹೇಳುವಂತಿಲ್ಲ. 2000ದಲ್ಲಿ ನೇಮಕವಾದ ಉನ್ನತಾಧಿಕಾರ ಸಮಿತಿ 2002ರಲ್ಲಿ ಕೊಟ್ಟ ವರದಿ ಇಂದಿಗೂ ಈ ವಿಷಯದ ಆಧಾರ ಗ್ರಂಥ. 35 ಸೂಚಕಗಳನ್ನು ಇಟ್ಟುಕೊಂಡು ಆಗಿನ 175 ತಾಲ್ಲೂಕುಗಳನ್ನು ಅಳೆದ ಸಮಿತಿ 114 ತಾಲ್ಲೂಕುಗಳು ಹಿಂದುಳಿದಿವೆ ಎಂದಿತು. ಅವುಗಳಲ್ಲಿ ಅತ್ಯಂತ ಹಿಂದುಳಿದವು 39. ಆ 39ರಲ್ಲಿ 21 ಕಲಬುರಗಿ ವಿಭಾಗಕ್ಕೆ ಸೇರಿದ್ದವು. ಎಂಟು ವರ್ಷಗಳಲ್ಲಿ ₹31,000 ಕೋಟಿ ವೆಚ್ಚ ಮಾಡಬೇಕೆಂಬ ಶಿಫಾರಸಿನ ಮೇಲೆ ವಿಶೇಷ ಅಭಿವೃದ್ಧಿ ಯೋಜನೆ ಜಾರಿಗೆ ಬಂದದ್ದು 2007-08ರಿಂದ. ಜಿಲ್ಲೆಯ ಸರಾಸರಿಯನ್ನು ಬಿಟ್ಟು ತಾಲ್ಲೂಕಿನ ಮಟ್ಟಕ್ಕೆ ಇಳಿದು ನೋಡಿದ್ದೇ ಆ ವರದಿಯ ದೊಡ್ಡ ಕೊಡುಗೆ. ಎರಡು ದಶಕ ಕಳೆದ ಮೇಲೆ, 2024ರಲ್ಲಿ, ಮತ್ತೊಂದು ಸಮಿತಿಗೆ ಇದೇ ಕೆಲಸ ವಹಿಸಬೇಕಾಗಿ ಬಂತು.

ಈ ನಡುವೆ ದೀರ್ಘ ಹೋರಾಟದ ಫಲವಾಗಿ 2012ರಲ್ಲಿ ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ 371(ಜೆ) ವಿಧಿ ಸೇರಿತು. ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಶಿಕ್ಷಣದಲ್ಲಿ ಮತ್ತು ಸರ್ಕಾರಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲಾತಿ ದೊರೆತವು. 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಕಲ್ಯಾಣ ಕರ್ನಾಟಕ ಎಂದಾಯಿತು. ಮಂಡಳಿಯ ವಾರ್ಷಿಕ ಅನುದಾನ 2023-24ರ ಬಜೆಟ್ಟಿನಲ್ಲಿ ₹5,000 ಕೋಟಿ ಮುಟ್ಟಿತು. ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಈ ಭಾಗದ ಮಕ್ಕಳಿಗೆ ಸೀಟು ಸಿಕ್ಕಿದ್ದು, ಸಾವಿರಾರು ಯುವಕರು ಸರ್ಕಾರಿ ನೌಕರಿ ಹಿಡಿದದ್ದು ನಿಜವಾದ ಗಳಿಕೆ. ಒಂದು ಮನೆಯ ಒಬ್ಬರಿಗೆ ಖಾಯಂ ಸಂಬಳ ಬಂದರೆ ಆ ಮನೆಯಿಂದ ಮತ್ತೆ ಯಾರೂ ಶೆಡ್ಡಿಗೆ ಹೋಗುವುದಿಲ್ಲ.

ಆಕ್ಷೇಪಗಳೂ ಹಗುರವಾದವಲ್ಲ. ಮೀಸಲಾತಿಯ ಲಾಭ ಪಡೆಯಲು ಮೊದಲು ಹತ್ತನೇ ತರಗತಿ ದಾಟಬೇಕು. ಅರ್ಧದಷ್ಟು ಮಕ್ಕಳು ಅಲ್ಲಿಯೇ ಎಡವುವ ಜಿಲ್ಲೆಯಲ್ಲಿ ಆ ಲಾಭ ಪಟ್ಟಣದ, ಓದಿದ ಕುಟುಂಬಗಳಿಗೇ ಹೆಚ್ಚು ದಕ್ಕುತ್ತದೆ. ಮಂಡಳಿಯ ಹಣ ರಸ್ತೆ, ಚರಂಡಿ, ಸಮುದಾಯ ಭವನಗಳಂಥ ಕಾಮಗಾರಿಗಳಿಗೇ ಒಲಿಯುತ್ತದೆ. ವರ್ಷದ ಕೊನೆಗೆ ಖರ್ಚಾಗದೆ ಉಳಿಯುವ ಮೊತ್ತವೂ ಸಣ್ಣದಲ್ಲ. ಹೆಚ್ಚುವರಿಯಾಗಿ ಬರಬೇಕಾದ ಹಣ, ಇಲಾಖೆಗಳು ಹೇಗೂ ಕೊಡಬೇಕಿದ್ದ ಹಣದ ಜಾಗದಲ್ಲಿ ಕೂರುತ್ತಿದೆ ಎಂಬ ದೂರು ಹಳೆಯದು. ಬೆಂಗಳೂರಿನ ತಾರತಮ್ಯವೇ ಎಲ್ಲಕ್ಕೂ ಕಾರಣ ಎಂಬ ವಾದ ಈ ಭಾಗದಲ್ಲಿ ಜನಪ್ರಿಯ. ಮುಖ್ಯಮಂತ್ರಿಗಳು, ಪ್ರಭಾವಿ ಸಚಿವರು, ರಾಷ್ಟ್ರಮಟ್ಟದ ನಾಯಕರು ಈ ಭಾಗದಿಂದಲೂ ಬಂದಿದ್ದಾರೆ ಎಂಬ ಮರುವಾದವೂ ಇದೆ. ಎರಡರಲ್ಲೂ ಸತ್ಯವಿದೆ. ಚರಿತ್ರೆಯ ಹೊರೆಯನ್ನು ಹೊರಗಿನವರು ಇಳಿಸಲಿಲ್ಲ, ಸಿಕ್ಕ ಅಧಿಕಾರವನ್ನು ಒಳಗಿನವರು ಶಾಲೆ ಮತ್ತು ಅಂಗನವಾಡಿಗಳ ಕಡೆಗೆ ತಿರುಗಿಸಲಿಲ್ಲ. ಬಳ್ಳಾರಿಯ ಅದಿರಿನ ವರ್ಷಗಳು ಇದಕ್ಕೆ ಕಟುವಾದ ಉದಾಹರಣೆ. 2011ರಲ್ಲಿ ನ್ಯಾಯಾಲಯ ಗಣಿಗಾರಿಕೆಯನ್ನು ನಿಲ್ಲಿಸುವ ಹೊತ್ತಿಗೆ ಕೆಲವರ ಕೈಯಲ್ಲಿ ಊಹೆಗೆ ಮೀರಿದ ಸಂಪತ್ತು ಸೇರಿತ್ತು, ಸಂಡೂರಿನ ಸುತ್ತಲಿನ ಹಳ್ಳಿಗಳಿಗೆ ಉಳಿದದ್ದು ಕೆಂಪು ಧೂಳು.

ಗುಳೆ: ದಾರಿಯೋ, ದುರ್ಗತಿಯೋ?

ಇಲ್ಲಿ ಒಂದು ಗಂಭೀರ ವಾದವನ್ನು ಎದುರಿಸಬೇಕು. ಜನ ಬಡ ಪ್ರದೇಶ ಬಿಟ್ಟು ನಗರಗಳತ್ತ ಹೋಗುವುದೇ ಅಭಿವೃದ್ಧಿಯ ಸಹಜ ದಾರಿ, ಊರುಗಳಿಗೆ ಹಣ ಸುರಿಯುವ ಬದಲು ಜನ ಚಲಿಸಲು ಅನುಕೂಲ ಮಾಡಿಕೊಡಿ ಎನ್ನುವ ಅರ್ಥಶಾಸ್ತ್ರಜ್ಞರಿದ್ದಾರೆ. 2009ರಲ್ಲಿ ಜಾಗತಿಕ ಹಣಕಾಸು ಸಂಸ್ಥೆಯೊಂದರ ವಾರ್ಷಿಕ ವರದಿ ಹೆಚ್ಚುಕಡಿಮೆ ಇದನ್ನೇ ಹೇಳಿತ್ತು. ಗುಳೆಯ ಹಣದಿಂದ ಪಕ್ಕಾ ಮನೆ ಕಟ್ಟಿದವರು, ಸಾಲ ತೀರಿಸಿದವರು, ಜಮೀನ್ದಾರರ ಮನೆಯ ಜೀತದಿಂದ ಬಿಡಿಸಿಕೊಂಡವರು ಈ ಹಳ್ಳಿಗಳಲ್ಲೇ ಸಿಗುತ್ತಾರೆ. ಊರಿನ ಜಾತಿ ಕಟ್ಟಳೆಯಿಂದ ದೂರ ಹೋಗಿ ದಿನಗೂಲಿಯನ್ನು ಕೈಯಲ್ಲಿ ಎಣಿಸಿಕೊಳ್ಳುವುದು ದಲಿತ ಯುವಕನೊಬ್ಬನಿಗೆ ಬಿಡುಗಡೆಯೇ.

ಆದರೆ ನೆಲೆ ನಿಲ್ಲಲು ಹೋಗುವ ವಲಸೆಗೂ ಋತುವಿಗೊಮ್ಮೆ ಹೋಗಿಬರುವ ಗುಳೆಗೂ ಅಂತರವಿದೆ. ಗುಳೆ ಹೋದವರಿಗೆ ನಗರದಲ್ಲಿ ವಿಳಾಸವಿಲ್ಲ. ಮಕ್ಕಳಿಗೆ ಶಾಲೆಯ ವರ್ಷ ನಡುವೆಯೇ ಕಡಿಯುತ್ತದೆ; ಮಾರ್ಚಿನ ಪರೀಕ್ಷೆಯ ಹೊತ್ತಿಗೆ ಅವರು ಬೆಂಗಳೂರಿನ ಕಟ್ಟಡದ ಬುಡದಲ್ಲಿ ತಮ್ಮ ತಂಗಿಯರನ್ನು ಆಡಿಸುತ್ತಿರುತ್ತಾರೆ. 1979ರಲ್ಲಿ ವಲಸೆ ಕಾರ್ಮಿಕರಿಗಾಗಿ ಬಂದ ಕೇಂದ್ರದ ಕಾಯ್ದೆ ರೂಪುಗೊಂಡದ್ದು ರಾಜ್ಯದ ಗಡಿ ದಾಟುವವರಿಗಾಗಿ. ಸುರಪುರದಿಂದ ಪುಣೆಗೆ ಹೋದವರು ಅದರ ವ್ಯಾಪ್ತಿಗೆ ಬಂದರು, ಅಷ್ಟೇ ದೂರದ ಬೆಂಗಳೂರಿಗೆ ಬಂದವರು ಬರಲಿಲ್ಲ. ಕಟ್ಟಡ ನಿರ್ಮಾಣದ ವೆಚ್ಚದ ಮೇಲೆ ಶೇ 1ರಷ್ಟು ಸೆಸ್ ಸಂಗ್ರಹಿಸಿ ಕಾರ್ಮಿಕರ ಕಲ್ಯಾಣ ನಿಧಿ ಮಾಡಲು 1996ರಲ್ಲೇ ಕಾನೂನಾಗಿದೆ. ನೋಂದಣಿಗೆ ವರ್ಷದಲ್ಲಿ 90 ದಿನ ದುಡಿದ ದೃಢೀಕರಣ ಬೇಕು. ಒಂದು ಸೈಟಿನಿಂದ ಇನ್ನೊಂದಕ್ಕೆ ಮೇಸ್ತ್ರಿಯ ಹಿಂದೆ ಅಲೆಯುವ ಹೆಣ್ಣುಮಗಳಿಗೆ ಆ ಕಾಗದಕ್ಕೆ ಸಹಿ ಹಾಕಿಕೊಡುವವರು ಯಾರು? 2020ರ ಮಾರ್ಚಿನ ಲಾಕ್‌ಡೌನ್ ಈ ಎಲ್ಲ ಬಿರುಕುಗಳನ್ನು ಒಂದೇ ವಾರದಲ್ಲಿ ದೇಶದ ಮುಂದೆ ತೆರೆದಿಟ್ಟಿತು.

ಊರಿನಲ್ಲಿ ಕೆಲಸ ಕೊಡುವ ಪ್ರಯತ್ನಗಳೂ ಆಗಿವೆ. 2006ರ ಫೆಬ್ರವರಿಯಲ್ಲಿ ಉದ್ಯೋಗ ಖಾತ್ರಿ ದೇಶದ 200 ಜಿಲ್ಲೆಗಳಲ್ಲಿ ಶುರುವಾದಾಗ ಬೀದರ್, ಕಲಬುರಗಿ, ರಾಯಚೂರು ಮೊದಲ ಹಂತದಲ್ಲೇ ಸೇರಿದವು. ಗಂಡು-ಹೆಣ್ಣಿಗೆ ಸಮಾನ ಕೂಲಿ ಎಂಬುದನ್ನು ಈ ಹಳ್ಳಿಗಳು ಮೊದಲು ಕಂಡದ್ದು ಕೆರೆ ಹೂಳೆತ್ತುವ ಆ ಕೆಲಸದಲ್ಲಿ. ಖಾತ್ರಿ ಮಾತ್ರ ಪೂರ್ತಿ ಖಾತ್ರಿಯಾಗಲಿಲ್ಲ. ನೂರು ದಿನ ಎಂದಿದ್ದರೂ ಅಷ್ಟು ಕೆಲಸ ಸಿಕ್ಕ ಮನೆಗಳು ಕಡಿಮೆ. ಕೂಲಿ ಖಾತೆಗೆ ಬೀಳಲು ವಾರಗಳೇ ಹಿಡಿದವು. ಮೇಸ್ತ್ರಿಯ ಮುಂಗಡ ಗೆದ್ದದ್ದು ಇಲ್ಲೇ. ಅವನ ಕೂಲಿ ಹೆಚ್ಚೇನೂ ಇರಬೇಕಿಲ್ಲ, ಅವನ ದುಡ್ಡು ಬೇಕಾದ ದಿನ ಕೈಗೆ ಸಿಗುತ್ತದೆ.

ಕಟ್ಟಡಕ್ಕಿಂತ ಮೊದಲು

ಹಿಂದುಳಿದ ಪ್ರದೇಶಕ್ಕೊಂದು ಪ್ರತ್ಯೇಕ ಸಂಸ್ಥೆ ಎಂಬ ಪ್ರಯೋಗವನ್ನು ನಾವಷ್ಟೇ ಮಾಡಿಲ್ಲ. ಬರಕ್ಕೂ ವಲಸೆಗೂ ಹೆಸರಾದ ತನ್ನ ಈಶಾನ್ಯ ಭಾಗಕ್ಕಾಗಿ ಬ್ರೆಜಿಲ್ 1959ರಲ್ಲೇ ಅಂಥದನ್ನು ಸ್ಥಾಪಿಸಿ, ಕಾರ್ಖಾನೆಗಳಿಗೆ ತೆರಿಗೆ ರಿಯಾಯಿತಿ ಕೊಟ್ಟು ದಶಕಗಳ ಕಾಲ ನಡೆಸಿತು. ಕಾರ್ಖಾನೆಗಳು ಬಂದವು, ದೊಡ್ಡ ಊರುಗಳು ಬೆಳೆದವು, ಒಳನಾಡಿನ ಬಡತನ ಹಾಗೇ ಉಳಿಯಿತು. ಅದು ಗಮನಾರ್ಹವಾಗಿ ತಗ್ಗತೊಡಗಿದ್ದು ಕನಿಷ್ಠ ವೇತನ ಏರಿ, ಗ್ರಾಮೀಣ ಪಿಂಚಣಿ ತಲುಪಿ, ಮಕ್ಕಳನ್ನು ಶಾಲೆಗೆ ಕಳುಹಿಸುವ ಷರತ್ತಿನ ಮೇಲೆ 2003ರಿಂದ ತಾಯಂದಿರ ಕೈಗೆ ನಗದು ಸೇರತೊಡಗಿದ ಮೇಲೆ. ಆ ನೆರವು ಪಡೆದ ಕುಟುಂಬಗಳಲ್ಲಿ ಅರ್ಧದಷ್ಟು ಈಶಾನ್ಯ ಭಾಗದವು.

ಕರ್ನಾಟಕದಲ್ಲೇ ಇಂಥ ಒಂದು ಸಣ್ಣ, ಆದರೆ ಗಮನಿಸಬೇಕಾದ ಅನುಭವವಿದೆ. 2021ರ ಡಿಸೆಂಬರಿನಲ್ಲಿ ಈ ಭಾಗದ ಜಿಲ್ಲೆಗಳ ಶಾಲಾ ಮಕ್ಕಳಿಗೆ ಬಿಸಿಯೂಟದ ಜತೆ ಮೊಟ್ಟೆ ಕೊಡಲು ಆರಂಭಿಸಿದಾಗ ಗಟ್ಟಿ ವಿರೋಧ ಬಂತು. ಬೇಡವೆಂದವರಿಗೆ ಬಾಳೆಹಣ್ಣು ಕೊಡಲಾಯಿತು. ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳನ್ನು ಆಗಿನ್ನೂ ಸಿಗದಿದ್ದ ಗದಗದ ಮಕ್ಕಳ ಜತೆ ಹೋಲಿಸಿದ ಅಧ್ಯಯನದಲ್ಲಿ ಯಾದಗಿರಿಯ ಮಕ್ಕಳು ಹೆಚ್ಚು ತೂಕ ಪಡೆದದ್ದು ಕಂಡುಬಂತು. ಬಳಿಕ ಯೋಜನೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಹೋಯಿತು. ಹಿಂದುಳಿದ ಜಿಲ್ಲೆಯಲ್ಲಿ ಮೊದಲು ಮಾಡಿ, ಅಳೆದು, ನಂತರ ಎಲ್ಲೆಡೆಗೆ ಒಯ್ದ ಅಪರೂಪದ ನಿದರ್ಶನವಿದು. ಸಾಮಾನ್ಯವಾಗಿ ನಡೆಯುವುದು ಇದರ ತಿರುವುಮುರುವು.

ಆದ್ದರಿಂದ ಅನುದಾನದ ಮೊತ್ತ ಏರಿಸಬೇಕೇ ಬೇಡವೇ ಎಂಬ ಚರ್ಚೆಗಿಂತ ಅದನ್ನು ಯಾವ ಲೆಕ್ಕದಲ್ಲಿ ಖರ್ಚು ಮಾಡಬೇಕು ಎಂಬ ಚರ್ಚೆ ಮುಖ್ಯ. ಕಾಮಗಾರಿಗಳ ಪಟ್ಟಿಯನ್ನು ಸ್ವಲ್ಪ ಕಾಲ ಬದಿಗಿಟ್ಟು ಖಾಲಿ ಇರುವ ಶಿಕ್ಷಕರ ಹುದ್ದೆ, ಅಂಗನವಾಡಿಯ ಆಹಾರ, ತಾಲ್ಲೂಕು ಆಸ್ಪತ್ರೆಯ ದಾದಿಯರು, ಕಾಲುವೆಯ ಕೊನೆಯ ಗೇಜ್ ಇವುಗಳನ್ನು ಮಂಡಳಿಯ ಸಾಧನೆಯ ಅಳತೆಗೋಲಾಗಿಸುವುದು ಸಾಧ್ಯ. ಸಂವಿಧಾನದ ವಿಶೇಷ ವಿಧಿಯಲ್ಲಿ ಇದಕ್ಕೆ ಅಡ್ಡಿಯೇನೂ ಇಲ್ಲ. ಗುಳೆ ಹೋಗುವವರ ಲೆಕ್ಕವೂ ಇಂದು ಅಂದಾಜಿನದೇ. ಯಾವ ಮನೆಗೆ ಬೀಗ ಬಿದ್ದಿದೆ, ಯಾರು ಎಲ್ಲಿಗೆ, ಯಾವ ಮೇಸ್ತ್ರಿಯ ಜತೆ ಹೋಗಿದ್ದಾರೆ ಎಂಬುದು ಪ್ರತಿ ಗ್ರಾಮ ಪಂಚಾಯಿತಿಗೂ ಗೊತ್ತಿರುವ ಸಂಗತಿ. ಅದನ್ನು ಬರೆದಿಡುವ ವಹಿ ಮಾತ್ರ ಇಲ್ಲ. ಆ ವಹಿ ಇದ್ದರೆ ಪಡಿತರ, ಕಾರ್ಮಿಕ ನೋಂದಣಿ, ಮಗುವಿನ ಲಸಿಕೆಯ ಚೀಟಿ ಮೂರೂ ಅವರ ಹಿಂದೆಯೇ ನಗರಕ್ಕೆ ಹೋಗಬಹುದು. ಅಪ್ಪ-ಅಮ್ಮ ಹೋದರೂ ಮಕ್ಕಳು ಊರಲ್ಲೇ ಉಳಿದು ಓದಲು ಬೇಕಾದ ಋತುಮಾನದ ವಸತಿ ನಿಲಯಗಳನ್ನು ತೆರೆಯುವುದಾದರೆ ಅವುಗಳ ಬಾಗಿಲು ದೀಪಾವಳಿಗೆ ಮುನ್ನವೇ ತೆರೆಯಬೇಕು. ಬಸ್ಸು ಹೊರಟ ಮೇಲೆ ಟೆಂಡರ್ ಕರೆದರೆ ಆ ವರ್ಷದ ಮಕ್ಕಳಿಗೆ ಅದರಿಂದ ಪ್ರಯೋಜನವಾಗುವುದಿಲ್ಲ.